ಆಯಿಯ ಇಳಕಲ್ ಸೀರೆ ಮತ್ತು ಹೋಗದ ಒಂದು ಸುಕ್ಕು

ರಾತ್ರಿ 11.30. ಊಟದ ಟೇಬಲ್ ಮೇಲೆ ಕಂಬಳಿ, ಅದರ ಮೇಲೆ ಹಳೇ ಬೆಡ್‌ಶೀಟು, ಅದರ ಮೇಲೆ ನಮ್ಮ ಆಯಿಯ ಇಳಕಲ್ ಸೀರೆಯಿಂದ ಕತ್ತರಿಸಿದ 12 ಚೌಕಗಳು. ಒಂದೊಂದಕ್ಕೂ ಹಿಂದುಗಡೆ ಕ್ಯಾನ್ವಾಸ್ ಅಂಟಿಸಿ, ಇಸ್ತ್ರಿ ಹೊಡೆದು ಮುಗಿಸಿದ್ದೆ. ಕಾಫಿ ಲೋಟ ತೊಳೆದಿಟ್ಟು ಬಂದು ನೋಡ್ತೀನಿ, ಅರ್ಧಕ್ಕರ್ಧ ಚೌಕಗಳ ಮೈತುಂಬ ಗುಳ್ಳೆ. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ.

ಅಜ್ಜಿಗೆ ನಾವು ಆಯಿ ಅಂತೀವಿ. ಆಯಿ ಹೋಗಿ ಎರಡು ವರ್ಷ ಆಯ್ತು. ಅವಳ ಟ್ರಂಕಿನ ಸೀರೆಗಳನ್ನ ದೊಡ್ಡವ್ವ, ಅವ್ವ, ಚಿಗವ್ವ ಹಂಚಿಕೊಂಡಾಗ ಅವ್ವನ ಪಾಲಿಗೆ ಬಂದದ್ದು ಮೂರು. ಅದರಲ್ಲಿ ಒಂದನ್ನ, ಸಣ್ಣ ಚೌಕುಳಿಯ ಕಡುನೀಲಿ ಬಣ್ಣದ್ದನ್ನ, ನಾನು ಕೇಳಿ ಇಸ್ಕೊಂಡು ಬೆಂಗಳೂರಿಗೆ ತಂದಿದ್ದೆ. ಅಕ್ಕನಿಗೆ ಮೊದಲನೇ ಮಗು. ಅದಕ್ಕೊಂದು ಕೌದಿ ನಾನೇ ಹೊಲೀತೀನಿ ಅಂತ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅವ್ವ ಮುಂದಿನ ಭಾನುವಾರ ಇಲ್ಲಿ ಒಂದು ಮದುವೆಗೆ ಬರೋಳಿದ್ದಳು, ವಾಪಸ್ ಬಾಗಲಕೋಟೆಗೆ ಹೋಗುವಾಗ ಕೌದಿ ತಗೊಂಡು ಹೋಗ್ಬೇಕು ಅನ್ನೋದು ಪ್ಲಾನು. ನಾನು ಸೀರೆಗೆ ಅಂಟು ಹಚ್ಚಿದೀನಿ ಅನ್ನೋದು ಮಾತ್ರ ಅವಳಿಗೆ ಹೇಳಿರಲಿಲ್ಲ.

ಹಾಳಾದರೆ ಇನ್ನೊಂದು ಮೀಟರ್ ತರೋಣ ಅನ್ನೋಕೆ ಅದು ಅಂಗಡಿ ಬಟ್ಟೆ ಅಲ್ಲ. ಇರೋದು ಒಂದೇ ಸೀರೆ, ಅದಕ್ಕೂ ಆಗಲೇ ಕತ್ತರಿ ಬಿದ್ದಿದೆ.

ಕೌದಿಗೆ ಯಾಕೆ ಕ್ಯಾನ್ವಾಸು?

ಬ್ಲೌಸ್ ಕುತ್ತಿಗೆ ನೆಟ್ಟಗೆ ನಿಲ್ಲಲಿ ಅಂತ ಟೈಲರ್ ಒಳಗೆ ಅಂಟಿಸ್ತಾರಲ್ಲ, ಶರ್ಟಿನ ಕಾಲರ್ ಒಳಗೆ ಇರುತ್ತಲ್ಲ, ಅದೇ ಇದು. ಪೇಸ್ಟಿಂಗ್ ಕ್ಯಾನ್ವಾಸ್ ಅಂತ ಕೇಳಿದರೆ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೊಡ್ತಾರೆ, ಫ್ಯೂಸಿಂಗ್ ಅಂದ್ರೂ ಗೊತ್ತಾಗುತ್ತೆ. ನಾನು ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ತೆಳುವಾದದ್ದು, ನೇಯ್ದ ಬಟ್ಟೆಯದ್ದು 2 ಮೀಟರ್ ತಂದಿದ್ದೆ. ಒಂದು ಬದಿ ಮುಟ್ಟಿದರೆ ನುಣುಪು. ಇನ್ನೊಂದು ಬದಿ ಸಣ್ಣ ಸಣ್ಣ ಚುಕ್ಕಿಗಳು ಕೈಗೆ ಒರಟಾಗಿ ಸಿಗ್ತವೆ. ಆ ಚುಕ್ಕಿಗಳೇ ಅಂಟು. ಬಿಸಿಗೆ ಕರಗುತ್ತೆ, ಒತ್ತಿದರೆ ಬಟ್ಟೆಯ ಎಳೆಗಳ ನಡುವೆ ಇಳಿಯುತ್ತೆ, ತಣ್ಣಗಾದಾಗ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ.

ನಿಜ ಹೇಳ್ಬೇಕು ಅಂದ್ರೆ ನಮ್ಮ ಕೌದಿಗೆ ಇದು ಬೇಕಿಲ್ಲ. ಹಳೇ ಸೀರೆ, ಧೋತ್ರ ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಕೈಯಲ್ಲಿ ಒತ್ತೊತ್ತಾಗಿ ದಾರ ಓಡಿಸಿದರೆ ಆ ದಾರವೇ ಎಲ್ಲವನ್ನೂ ಹಿಡ್ಕೊಂಡಿರುತ್ತೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನ ನೀವು ನೋಡಿರಬಹುದು. ಅಂಗೈಯಗಲದ ತುಂಡುಗಳು, ಹತ್ತಾರು ಬಣ್ಣ, ನಾಲ್ಕೂ ಮೂಲೆಗೆ ಮಡಚಿ ಹೊಲಿದ ತ್ರಿಕೋನದ ‘ಫುಲ’. ಅಲ್ಲಿ ಯಾವ ಕ್ಯಾನ್ವಾಸೂ ಇಲ್ಲ, ಯಾವುದೂ ಜಾರಲ್ಲ.

ನನ್ನ ಸಮಸ್ಯೆ ಬೇರೆ ಇತ್ತು. ನಾನು ವಿಡಿಯೊ ನೋಡಿ ಕಲಿತವಳು. 12 ಇಂಚಿನ ಚೌಕಗಳನ್ನ ಮಷೀನಿನಲ್ಲಿ ಒಂದಕ್ಕೊಂದು ಜೋಡಿಸಿ, ಮೂಲೆಗೆ ಮೂಲೆ ಕರೆಕ್ಟಾಗಿ ಸೇರಬೇಕು ಅನ್ನೋ ಹಟ. ಮೂವತ್ತು ವರ್ಷ ಒಗೆದು ಒಗೆದು ಮೆತ್ತಗಾದ ಹತ್ತಿ ಮಷೀನಿನ ಹಲ್ಲಿಗೆ ಸಿಕ್ಕರೆ ಎಳೆದಾಡುತ್ತೆ. ಜೊತೆಗೆ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ಮತ್ತು ಅಂಚು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಮಗ್ಗದ ಮೇಲೆ ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಿ ನೇಯ್ತಾರೆ, ಆ ಸೀರೆಯ ಹೆಚ್ಚುಗಾರಿಕೆಯೇ ಅದು. ಆದರೆ ಕತ್ತರಿಸಿದಾಗ ಆರ್ಟ್ ಸಿಲ್ಕಿನ ಕಡೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳೋಕೆ ಶುರುವಾಗುತ್ತೆ. ಹೀಗಾಗಿ ಹಿಂದೆ ಒಂದು ಆಧಾರ ಇರಲಿ ಅಂತ ಕ್ಯಾನ್ವಾಸ್. ಹಳೇ ಟೀ-ಶರ್ಟುಗಳಿಂದ ಹೊದಿಕೆ ಮಾಡೋರೂ ಇದೇ ಕಾರಣಕ್ಕೆ ಇದನ್ನ ಹಾಕ್ತಾರೆ. ಟೀ-ಶರ್ಟ್ ಬಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತಲ್ಲ, ಆಧಾರ ಇಲ್ಲದಿದ್ದರೆ ಚೌಕ ಚೌಕವಾಗಿ ಉಳಿಯಲ್ಲ.

ನಾನು ಮಾಡಿದ ತಪ್ಪು

ಗುಳ್ಳೆ ಕಂಡ ಕೂಡಲೇ ಏನ್ ಮಾಡ್ತೀವಿ? ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿ ಮಾಡಿ, ಮೈಭಾರವೆಲ್ಲ ಹಾಕಿ ಉಜ್ಜುತೀವಿ. ನಾನೂ ಅದನ್ನೇ ಮಾಡಿದೆ. ಮೂರನೇ ಚೌಕದಲ್ಲಿ ಉಬ್ಬಿದ್ದ ಬಟ್ಟೆ ಪೆಟ್ಟಿಗೆಯ ಮುಂದೆ ತಳ್ಳಿಕೊಂಡು ಹೋಗಿ, ಅಂಚಿನ ಹತ್ತಿರ ಮಡಚಿ, ಹಾಗೇ ಅಂಟಿಕೊಂಡುಬಿಟ್ಟಿತು. ಗುಳ್ಳೆ ಇದ್ದದ್ದು ಈಗ ಚಾಕುವಿನಿಂದ ಗೀರಿದ ಹಾಗೆ ಗೆರೆ.

ಎರಡನೇ ಪ್ರಯೋಗಕ್ಕೆ ಧೈರ್ಯ ಬರಲಿಲ್ಲ. ಮಲಗಿದೆ. ನಿದ್ದೆ ಬಂತು ಅಂತ ಹೇಳಲಾರೆ.

ಬೆಳಗ್ಗೆ ಆಫೀಸಿಗೆ ಹೋಗುವಾಗ ನಮ್ಮ ರಸ್ತೆ ತುದಿಯ ಇಸ್ತ್ರಿ ಗಾಡಿ ಹತ್ತಿರ ನಿಂತೆ. ಹಾಳಾದ ಆ ಮೂರನೇ ಚೌಕ ಬ್ಯಾಗಿನಲ್ಲೇ ಇತ್ತು. ಅಣ್ಣ ಅದನ್ನ ಎರಡೂ ಕಡೆ ತಿರುಗಿಸಿ ನೋಡಿ, ಇದ್ದಿಲು ಪೆಟ್ಟಿಗೆಯನ್ನ ಪಕ್ಕಕ್ಕಿಟ್ಟು, ಒಂದೇ ಮಾತು ಹೇಳಿದರು.

“ನೀವು ಬಟ್ಟೆ ಇಸ್ತ್ರಿ ಮಾಡಿದ ಹಾಗೆ ಮಾಡಿದೀರ ಮೇಡಂ. ಇದಕ್ಕೆ ಓಡಿಸಬಾರದು. ಇಡಬೇಕು, ಎತ್ತಬೇಕು.”

ಆಮೇಲೆ ತಮ್ಮ ಪೆಟ್ಟಿಗೆ ಎತ್ತಿ ನನ್ನ ಕೈಗೆ ಕೊಟ್ಟರು. ಒಂದು ಕೈಯಲ್ಲಿ ಹಿಡಿಯೋಕೇ ಆಗಲಿಲ್ಲ, ಅಷ್ಟು ಭಾರ. “ನಾನು ಒತ್ತೋದೇ ಇಲ್ಲ. ಅದೇ ಒತ್ತುತ್ತೆ.” ನನ್ನ ಮನೆಯ ಹಗುರ ಸ್ಟೀಮ್ ಪೆಟ್ಟಿಗೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಆಗ ಗೊತ್ತಾಯ್ತು. ಅಂಟು ಹಿಡಿಯೋಕೆ ಬೇಕಾದದ್ದು ಬಿಸಿ, ಒತ್ತಡ, ಸಮಯ. ನಾನು ಕೊಟ್ಟದ್ದು ಬಿಸಿ ಮಾತ್ರ, ಅದೂ ಓಡೋಡಿ. ಇನ್ನೊಂದು ಸಣ್ಣ ವಿಷಯ. ಸ್ಟೀಮ್ ಪೆಟ್ಟಿಗೆಯ ತಳದಲ್ಲಿ ತೂತುಗಳಿರ್ತವೆ, ಆ ತೂತಿನ ಕೆಳಗಿನ ಜಾಗಕ್ಕೆ ಒತ್ತಡ ಬೀಳಲ್ಲ. ಎತ್ತಿ ಇಡುವಾಗ ಹಿಂದಿನ ಜಾಗದ ಮೇಲೆ ಅರ್ಧ ಬರುವಂತೆ ಇಟ್ಟರೆ ಆ ಚುಕ್ಕಿಗಳೂ ತುಂಬಿಕೊಳ್ತವೆ.

ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ.

ಸುಕ್ಕು ಯಾವ ಕಡೆ ಇದೆ?

ಅವತ್ತು ಸಂಜೆ ಬೇಗ ಮನೆಗೆ ಬಂದು ಎಲ್ಲ ಚೌಕಗಳನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಸುಕ್ಕೂ ಒಂದೇ ಜಾತಿ ಅಲ್ಲ. ಇದನ್ನ ಮೊದಲೇ ನೋಡಿದ್ದರೆ ಅರ್ಧ ಕೆಲಸ ಉಳೀತಿತ್ತು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ಕೆಲವು ಚೌಕಗಳಲ್ಲಿ ಗುಳ್ಳೆ ಸಣ್ಣದು, ಮೆತ್ತಗೆ, ಬೆರಳಿಂದ ಒತ್ತಿದರೆ ಒಳಗೆ ಕ್ಯಾನ್ವಾಸ್ ಬೇರೆಯಾಗಿ ಅಲ್ಲಾಡ್ತಿತ್ತು. ಅಲ್ಲಿ ಅಂಟು ಹಿಡಿದೇ ಇಲ್ಲ ಅಂತ ಅರ್ಥ. ಇದು ಎಲ್ಲಕ್ಕಿಂತ ಸುಲಭ. ತೆಳ್ಳಗಿನ ಹತ್ತಿ ಬಟ್ಟೆ ಒದ್ದೆ ಮಾಡಿ ಹಿಂಡಿ ಮೇಲೆ ಹಾಕಿ, ಪೆಟ್ಟಿಗೆಯನ್ನ ಇಟ್ಟು 10ರಿಂದ 15 ಸೆಕೆಂಡ್ ಅಲ್ಲಾಡಿಸದೆ ಒತ್ತಿ, ಎತ್ತಿ, ಪಕ್ಕದಲ್ಲಿ ಇಡೋದು. ಚೌಕದ ನಡುವಿನಿಂದ ಶುರು ಮಾಡಿ ಅಂಚಿಗೆ ಬರಬೇಕು, ಗಾಳಿಗೆ ಹೊರಗೆ ಹೋಗೋ ದಾರಿ ಸಿಗಬೇಕಲ್ಲ. ಆಮೇಲೆ ಮುಟ್ಟಬಾರದು! ಪೂರ್ತಿ ತಣ್ಣಗಾಗೋವರೆಗೆ ಅಲ್ಲೇ ಮಲಗಿರಲಿ. ಅಂಟು ಬಿಸಿಯಿದ್ದಾಗ ಇನ್ನೂ ಮೆತ್ತಗೇ ಇರುತ್ತೆ. ನಾನು ಮೊದಲ ರಾತ್ರಿ ಬಿಸಿಬಿಸಿ ಚೌಕಗಳನ್ನ ಎತ್ತಿ ಎತ್ತಿ ಕುರ್ಚಿ ಬೆನ್ನಿಗೆ ನೇತು ಹಾಕಿದ್ದೆ, ಎಂಥಾ ಬುದ್ಧಿ.

ಆ ಗುಳ್ಳೆಗಳಿಗೆ ಇನ್ನೊಂದು ಕಾರಣವೂ ಸಿಕ್ಕಿತು. ಆಯಿ ಸೀರೆಗೆ ಗಂಜಿ ಹಾಕ್ತಿದ್ದಳು. ಟ್ರಂಕಿನಿಂದ ತೆಗೆದದ್ದನ್ನ ನುಸಿ ಗುಳಿಗೆ ವಾಸನೆ ಹೋಗಲಿ ಅಂತ ಬಿಸಿಲಿಗೆ ಹಾಕಿದ್ದೆನೇ ಹೊರತು ಒಗೆದಿರಲಿಲ್ಲ. ಗಂಜಿ ಇದ್ದ ಬಟ್ಟೆಗೆ ಅಂಟು ಒಳಗೆ ಇಳಿಯಲ್ಲ, ಮೇಲೇ ಕೂರುತ್ತೆ. ಮೆಷಿನ್‌ನಲ್ಲಿ ಒಗೆಯುವಾಗ ಹಾಕೋ ಸಾಫ್ಟನರ್ ಕೂಡ ಇದೇ ಕೆಲಸ ಮಾಡುತ್ತೆ. ಹಾಗಾಗಿ ನೀವು ಯಾರಾದ್ರೂ ಅಮ್ಮನ ಸೀರೆ, ಅಪ್ಪನ ಶರ್ಟಿನಿಂದ ಏನಾದರೂ ಮಾಡೋ ಯೋಚನೆಯಲ್ಲಿದ್ದರೆ ಮೊದಲು ಸಾದಾ ಸೋಪಿನಲ್ಲಿ ಒಗೆದು ಒಣಗಿಸಿ, ಬಟ್ಟೆಯನ್ನ ಮಾತ್ರ ಚೆನ್ನಾಗಿ ಇಸ್ತ್ರಿ ಮಾಡಿಕೊಂಡು, ಆಮೇಲೆ ಕ್ಯಾನ್ವಾಸಿಗೆ ಕೈ ಹಾಕಿ. ಬಟ್ಟೆಯಲ್ಲಿ ಮೊದಲೇ ಇದ್ದ ಸುಕ್ಕಿನ ಮೇಲೆ ಕ್ಯಾನ್ವಾಸ್ ಅಂಟಿಸಿದರೆ ಅದಕ್ಕೆ ಬೀಗ ಜಡಿದ ಹಾಗೇ.

ಇನ್ನು ಐದು ಚೌಕಗಳು ತಲೆನೋವು ತಂದವು. ಅವುಗಳಲ್ಲಿ ಗುಳ್ಳೆ ಅಲ್ಲ, ಕೆರೆ ನೀರಿನ ಮೇಲೆ ಗಾಳಿ ಬೀಸಿದ ಹಾಗೆ ಉದ್ದುದ್ದ ಅಲೆ. ಒತ್ತಿದರೆ ಹೋಗ್ತಿತ್ತು, ತಣ್ಣಗಾದರೆ ಮತ್ತೆ ಬರ್ತಿತ್ತು. ತಿರುಗಿಸಿ ನೋಡಿದರೆ ಹಿಂದೆ ಕ್ಯಾನ್ವಾಸ್ ಮಾತ್ರ ಬಿಗಿಯಾಗಿ, ಚಪ್ಪಟೆಯಾಗಿ ಇತ್ತು. ಅಲ್ಲೇ ಉತ್ತರ ಇದ್ದದ್ದು. ಎರಡು ಬಟ್ಟೆ ಅಂಟಿಕೊಂಡಾಗ ಒಂದು ಕುಗ್ಗಿದರೆ ಕುಗ್ಗದೇ ಇರೋದು ಸುಕ್ಕಾಗುತ್ತೆ. ಸುಕ್ಕು ಮುಂದೆ ಇದ್ದರೆ ಕುಗ್ಗಿದ್ದು ಹಿಂದಿನದು, ಸುಕ್ಕು ಹಿಂದೆ ಇದ್ದರೆ ಕುಗ್ಗಿದ್ದು ಮುಂದಿನ ಬಟ್ಟೆ. ಆಯಿಯ ಸೀರೆ ನೂರಾರು ಸಲ ನೀರು ಕಂಡಿದೆ, ಅದು ಕುಗ್ಗೋದೆಲ್ಲ ಯಾವತ್ತೋ ಕುಗ್ಗಿ ಮುಗಿದಿದೆ. ಈಗ ಪೆಟ್ಟಿಗೆಯ ಬಿಸಿಗೂ ಹಬೆಗೂ ಕುಗ್ಗಿದ್ದು ನಾನು ಅಂಗಡಿಯಿಂದ ತಂದ ಹೊಸ ಕ್ಯಾನ್ವಾಸು.

ಇಂಥ ಸುಕ್ಕನ್ನ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ. ಬಟ್ಟೆ ಹೆಚ್ಚು, ಕ್ಯಾನ್ವಾಸ್ ಕಡಿಮೆ. ಲೆಕ್ಕವೇ ಕೂಡಲ್ಲ. ಕಿತ್ತು ತೆಗೀಲೇಬೇಕು.

ಕೀಳೋದು ಹೇಗೆ

ನೇರವಾಗಿ ಆಯಿಯ ಸೀರೆ ಮೇಲೆ ಕಲಿಯೋಕೆ ಮನಸ್ಸಾಗಲಿಲ್ಲ. ನನ್ನ ಹಳೇ ಕಾಟನ್ ದುಪ್ಪಟ್ಟಾದ ತುಂಡಿಗೆ ಅದೇ ಕ್ಯಾನ್ವಾಸ್ ಅಂಟಿಸಿ, ಬೇಕಂತಲೇ ಸುಕ್ಕು ಮಾಡಿ, ಕಿತ್ತು ಕಿತ್ತು ಅಭ್ಯಾಸ ಮಾಡಿದೆ. ನಾಲ್ಕನೇ ತುಂಡಿಗೆ ಕೈ ಕೂತಿತು.

ಚೌಕವನ್ನ ಮಗುಚಿ, ಕ್ಯಾನ್ವಾಸ್ ಮೇಲೆ ಬರುವಂತೆ ಇಟ್ಕೊಳ್ಳಿ. ಒದ್ದೆ ಬಟ್ಟೆ ಹಾಕಿ ಒಂದು ಮೂಲೆಯನ್ನ 10 ಸೆಕೆಂಡ್ ಬಿಸಿ ಮಾಡಿ. ಹಬೆ ಆಡ್ತಿರುವಾಗಲೇ ಆ ಮೂಲೆಯ ಕ್ಯಾನ್ವಾಸನ್ನ ಎಬ್ಬಿಸಿ. ಒಣಗಿದ ಅಂಟನ್ನ ಎಳೆದರೆ ಹಳೇ ಬಟ್ಟೆ ಹರಿಯುತ್ತೆ, ಕರಗಿದ ಅಂಟು ಹಾಲಿನ ಕೆನೆ ಬಿಟ್ಟ ಹಾಗೆ ಬಿಡುತ್ತೆ. ಎಳೆಯಬೇಕಾದ್ದು ಕ್ಯಾನ್ವಾಸನ್ನ, ಸೀರೆಯನ್ನ ಅಲ್ಲ. ಸೀರೆ ಟೇಬಲ್ ಮೇಲೆ ಮಲಗಿದ ಹಾಗೇ ಇರಲಿ, ಒಂದು ಅಂಗೈ ಅದರ ಮೇಲಿರಲಿ. ಮೇಲಕ್ಕೆ ಜಗ್ಗದೆ, ಕ್ಯಾನ್ವಾಸನ್ನ ಹಿಂದಕ್ಕೆ ಮಡಚಿದ ಹಾಗೆ, ಎಳೆಯ ದಿಕ್ಕಿನಲ್ಲೇ ಸುತ್ತಿಕೊಂಡು ಬನ್ನಿ. ಓರೆಯಾಗಿ ಎಳೆದಿರೋ, ಚೌಕ ಪತಂಗದ ಆಕಾರಕ್ಕೆ ತಿರುಗುತ್ತೆ. ಎರಡು ಮೂರು ಇಂಚಿಗೊಮ್ಮೆ ನಿಂತು ಮತ್ತೆ ಬಿಸಿ ಮಾಡಬೇಕು. ಒಂದು ಚೌಕಕ್ಕೆ ನನಗೆ ಹತ್ತು ನಿಮಿಷದ ಮೇಲೇ ಹಿಡೀತು. ಬೆರಳ ತುದಿ ಸುಟ್ಟುಕೊಳ್ಳೋದೂ ಇದರ ಒಂದು ಭಾಗ ಅಂದ್ಕೊಳ್ಳಿ, ಅಥವಾ ನನಗಿಂತ ಜಾಣರಾಗಿ ಒಂದು ಚಿಮುಟ ಇಟ್ಕೊಳ್ಳಿ.

ಕಿತ್ತ ಮೇಲೆ ಸೀರೆಯ ಹಿಂದೆ ಅಂಟಿನ ಚುಕ್ಕಿ ಉಳೀತವೆ. ಅದರ ಮೇಲೆ ಬೇಡದ ಹತ್ತಿ ಬಟ್ಟೆ ಇಟ್ಟು ಒತ್ತಿ, ಬಿಸಿಯಿದ್ದಾಗಲೇ ಎಳೆದರೆ ಅಂಟು ಆ ಬಟ್ಟೆಗೆ ಹೋಗುತ್ತೆ. ಎರಡು ಮೂರು ಸಲ ಮಾಡಿ. ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ಹೇಗೂ ಆ ಬದಿಗೆ ಮತ್ತೆ ಕ್ಯಾನ್ವಾಸ್ ಬೀಳುತ್ತೆ. ಆದರೆ ಪೆಟ್ಟಿಗೆಯ ತಳಕ್ಕೆ ಮಾತ್ರ ಆ ಅಂಟು ತಾಗಬಾರದು. ತಾಗಿದರೆ ಮುಂದಿನ ಬಿಳಿ ಶರ್ಟಿನ ಗತಿ ದೇವರೇ ಬಲ್ಲ. ಕಿತ್ತ ಕ್ಯಾನ್ವಾಸನ್ನ ಮತ್ತೆ ಬಳಸೋಕೆ ಹೋಗಬೇಡಿ, ಅದರ ಅಂಟು ಅರ್ಧ ಖಾಲಿ.

ಹೊಸ ಕ್ಯಾನ್ವಾಸನ್ನ ಈ ಸಲ ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಿಂಡದೆ, ಟವೆಲ್ ಮೇಲೆ ಹರಡಿ ಒಣಗಿಸಿದೆ. ಕುಗ್ಗೋದಿದ್ದರೆ ಈಗಲೇ ಕುಗ್ಗಲಿ. ಅದನ್ನ ಇಸ್ತ್ರಿ ಮಾಡಿ ಒಣಗಿಸೋಕೆ ಮಾತ್ರ ಹೋಗಬೇಡಿ, ಅಂಟು ಪೆಟ್ಟಿಗೆಗೆ ಹತ್ತುತ್ತೆ. ಪೆಟ್ಟಿಗೆಯ ಬಿಸಿ ಎರಡು ಚುಕ್ಕಿಗೆ ಇಟ್ಟೆ, ಅಂದರೆ ಹೆಚ್ಚೆಂದರೆ 150 ಡಿಗ್ರಿ ಸೆಲ್ಸಿಯಸ್. ಮೊದಲ ರಾತ್ರಿ ಹತ್ತಿ ಅಂತ ಮೂರು ಚುಕ್ಕಿ ಇಟ್ಟಿದ್ದೆ, ಅದು 200ರವರೆಗೆ ಹೋಗುತ್ತೆ. ಹತ್ತಿ ತಡ್ಕೊಂಡಿತು, ಸೆರಗಿನ ಒಂದು ಚೌಕ ತಡ್ಕೊಳ್ಳಲಿಲ್ಲ, ಅಲ್ಲಿ ಸಣ್ಣಗೆ ಹೊಳಪು ಹೊಡೆದಿದೆ. ಈಗಲೂ ಇದೆ.

ಮೊದಲಿಂದ ಶುರು ಮಾಡೋರಿಗೆ ಇನ್ನೂ ಒಳ್ಳೆ ದಾರಿ ಇದೆ. ಚೌಕ ಕತ್ತರಿಸಿ ಆಮೇಲೆ ಅಂಟಿಸಬೇಡಿ. ದೊಡ್ಡ ತುಂಡಿಗೇ ಕ್ಯಾನ್ವಾಸ್ ಅಂಟಿಸಿ, ತಣ್ಣಗಾಗಿ ನೆಟ್ಟಗೆ ಕೂತ ಮೇಲೆ ಅಳತೆ ಹಾಕಿ ಕತ್ತರಿಸಿ. ಒಂದು ಎಳೆ ಕುಗ್ಗಿದರೂ ಅಳತೆ ತಪ್ಪಲ್ಲ, ಅಂಚಿನ ಸುಕ್ಕು ಕತ್ತರಿಗೆ ಹೋಗುತ್ತೆ. ನನಗೆ ಈ ಬುದ್ಧಿ ಬಂದದ್ದು ಸೀರೆಯೆಲ್ಲ ತುಂಡಾದ ಮೇಲೆ.

ಏಳನೇ ಚೌಕ

ಶುಕ್ರವಾರ ರಾತ್ರಿ ಹೊತ್ತಿಗೆ 11 ಚೌಕ ಸರಿಹೋದವು. ಚಾಕುವಿನ ಗೆರೆಯಾಗಿದ್ದ ಮೂರನೆಯದೂ ಬಿಸಿ ಮಾಡಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಮಲಗಿಸಿದ ಮೇಲೆ ಮುಕ್ಕಾಲು ಪಾಲು ಮಾಯ. ಉಳಿದದ್ದು ಏಳನೆಯದು.

ಅದರಲ್ಲಿ ನಟ್ಟನಡುವೆ ಎರಡು ಬೆರಳಗಲ ಒಂದು ಮುದುರು. ಹೂವಿನ ಮೊಗ್ಗು ಹಿಂಡಿದ ಹಾಗೆ ಸುತ್ತಲಿನ ಬಟ್ಟೆಯೆಲ್ಲ ಅದರ ಕಡೆಗೆ ಎಳ್ಕೊಂಡಿತ್ತು. ಎರಡು ಸಲ ಕಿತ್ತೆ, ಎರಡು ಸಲ ಅಂಟಿಸಿದೆ. ಕಿತ್ತಾಗ ಹಿಂದೆ ಒತ್ತೊತ್ತಾಗಿ ದಾರ ಕಾಣ್ತು. ಕೈಮಗ್ಗದ ಸೀರೆ ಅಲ್ವಾ, ನೇಯುವಾಗ ಎಳೆ ಕಡಿದು ಗಂಟು ಹಾಕಿರಬೇಕು ಅಂದ್ಕೊಂಡೆ. ಆ ನಾಲ್ಕು ಎಳೆ ಬಿಚ್ಚಿದರೆ ಬಟ್ಟೆ ಸಡಿಲ ಆಗಿ ಚಪ್ಪಟೆಯಾಗುತ್ತೆ ಅನ್ನೋದು ನನ್ನ ಲೆಕ್ಕ. ಹೊಲಿಗೆ ಬಿಚ್ಚೋ ಮುಳ್ಳು ಕೈಗೆ ತಗೊಂಡು ಒಂದು ದಾರದ ಕೆಳಗೆ ತೂರಿಸಿಯೂ ಆಗಿತ್ತು. ಕರೆಂಟ್ ಹೋಯ್ತು. ಹತ್ತು ನಿಮಿಷ ಕಾದೆ, ಬರಲಿಲ್ಲ. ನಾಳೆ ನೋಡೋಣ ಅಂತ ಮಲಗಿಬಿಟ್ಟೆ. ಶನಿವಾರ ಬೆಳಗ್ಗೆ ಆಫೀಸಿನಿಂದ ಫೋನ್ ಬಂದು ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತೆ. ಅವತ್ತು ಆಫೀಸಿಗೆ ಬೈದದ್ದು ಅಷ್ಟಿಷ್ಟಲ್ಲ.

ಭಾನುವಾರ ಮದುವೆ ಊಟ ಮುಗಿಸಿ ಅವ್ವ ಮನೆಗೆ ಬಂದಳು. ಸೀರೆ ಬದಲಿಸೋದಕ್ಕೂ ಮೊದಲು ಟೇಬಲ್ ಹತ್ತಿರ ಹೋಗಿ ಒಂದು ಚೌಕ ಎತ್ತಿ ಮಗುಚಿ ನೋಡಿದಳು.

“ಏನವಾ ಇದು, ಹಿಂದ ಏನ್ ಹಚ್ಚೀದಿ?”

“ಕ್ಯಾನ್ವಾಸ್ ಅವ್ವಾ. ಗಟ್ಟಿ ಇರ್ಲಿ ಅಂತ.”

“ಕೌದಿಗೆ ಯಾರರ ಅಂಟು ಹಚ್ತಾರೇನ? ನಿಮ್ಮ ಆಯಿ ನೋಡಿದ್ರ ನಗತಿದ್ಲು.”

ಬೈತಾಳೆ ಅಂತ ನಿಂತಿದ್ದೆ, ಬೈಯಲಿಲ್ಲ. ಚೌಕಗಳನ್ನ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡ್ತಾ ಹೋದಳು. ಏಳನೆಯದು ಕೈಗೆ ಬಂದಾಗ ಹೆಬ್ಬೆರಳಿಂದ ಆ ಮುದುರನ್ನ ಸವರಿ ಸುಮ್ಮನಾದಳು. ನಾನೇ ಬಾಯಿಬಿಟ್ಟೆ.

“ಅದೊಂದು ಸುಕ್ಕು ಹೋಗವಲ್ದು ಅವ್ವಾ. ಎರಡು ಸಲ ಕಿತ್ತು ಹಚ್ಚೀನಿ. ಆ ದಾರ ಬಿಚ್ಚಿಬಿಡ್ಲೇನು?”

“ಹುಚ್ಚಿ, ಇದು ಸುಕ್ಕಲ್ಲ. ಅವ್ವ ಹಾಕಿದ ಸೂಜಿ ಇದು. ಬನಶಂಕರಿ ಜಾತ್ರಿಗೆ ಹೋಗಾಗ ಚಕ್ಕಡಿ ಮೊಳಿ ಹತ್ತಿ ಪರ್ ಅಂತ ಹರೀತು. ನಾ ಆಗ ಐದನೇತ್ತೆ ಇದ್ದೆ. ಚಕ್ಕಡ್ಯಾಗ ಕುಂತ ಹಾದ್ಯಾಗ ಹೊಲ್ಕೊಂಡ್ಲು, ಜಾತ್ರ್ಯಾಗ ಹರಕ ಸೀರಿ ಉಟ್ಗೊಂಡ್ ಹೆಂಗ ತಿರಗೂದು ಅಂತ.”

ಓಡೋ ಚಕ್ಕಡಿಯಲ್ಲಿ ಕೂತು ಹಾಕಿದ ಹೊಲಿಗೆ. ದಾರ ಸ್ವಲ್ಪ ಬಿಗಿಯಾಗಿ ಎಳೆದಿದ್ದಳು. ಅದಕ್ಕೇ ಮುದುರು. ನಾನು ಮುಳ್ಳು ತೂರಿಸಿದ್ದ ಜಾಗದಲ್ಲಿ ಒಂದು ಎಳೆ ಮೇಲೆದ್ದು ನಿಂತಿತ್ತು. ಅವ್ವ ಅದನ್ನ ನೋಡಿದಳು ಅಂತ ನನಗೆ ಗೊತ್ತು. ಉಗುರಿಂದ ಒಳಗೆ ಒತ್ತಿ, ಏನೂ ಹೇಳದೆ ಚೌಕ ಕೆಳಗಿಟ್ಟಳು.

ಆ ಚೌಕದ ಕ್ಯಾನ್ವಾಸನ್ನ ಮೂರನೇ ಸಲ ಕಿತ್ತೆ. ಹೊಸದಕ್ಕೆ ನಡುವೆ ದುಂಡಗೆ ಒಂದು ತೂತು ಕತ್ತರಿಸಿ, ಹೊಲಿಗೆಯ ಜಾಗ ಬಿಟ್ಟು ಸುತ್ತಲೂ ಮಾತ್ರ ಅಂಟಿಸಿದೆ. ಬಟ್ಟೆಯ ಒಂದು ಕಡೆ ಮಾತ್ರ ದಪ್ಪ ಇದ್ದಾಗ, ಕಸೂತಿ, ತೇಪೆ ಇದ್ದಾಗ ಹೀಗೆ ಮಾಡಬಹುದು. ಅಲ್ಲಿ ಅಂಟು ಸಮನಾಗಿ ಕೂರೋದೇ ಇಲ್ಲ, ಸುಮ್ಮನೆ ಹೋರಾಡೋದಕ್ಕಿಂತ ಬಿಟ್ಟುಬಿಡೋದು ವಾಸಿ. ಮುದುರು ಹಾಗೇ ಇದೆ. ಸುತ್ತಲಿನ ಎಳೆತ ಮಾತ್ರ ಕಡಿಮೆಯಾಯ್ತು.

ಅವ್ವ ಒಂದು ದಿನ ಅಂತ ಬಂದವಳು ಮೂರು ದಿನ ಉಳಿದಳು. ನಾನು ಮಷೀನಿನಲ್ಲಿ ಮೂರು ಚೌಕದ ಸಾಲು ನಾಲ್ಕು ಜೋಡಿಸಿ ಕೊಟ್ಟೆ. ಕೆಳಗೆ ಅಜ್ಜನ ಧೋತ್ರ, ನಡುವೆ ಅವ್ವನ ಎರಡು ಹಳೇ ನೂಲಿನ ಸೀರೆ. ಮಗುವಿಗೆ ಹೊದಿಸೋಕಲ್ಲ, ನೆಲದ ಮೇಲೆ ಹಾಸೋಕೆ, ಹಾಗಾಗಿ ದಪ್ಪ ಇದ್ದರೂ ನಡೆಯುತ್ತೆ. ನಡುವಿನಿಂದ ಹೊರಕ್ಕೆ ಹೊಲೀಬೇಕು, ಆಗ ಸುಕ್ಕು ಅಂಚಿಗೆ ಹೋಗುತ್ತೆ ಅಂತ ನಾನು ವಿಡಿಯೊ ಜ್ಞಾನ ಹೇಳಿದೆ. ಅವ್ವ ಕೇಳಲಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತು ಹೊಡೀತಾ ಒಳಕ್ಕೆ ಬಂದಳು. ಪ್ರತಿ ಸಾಲಿಗೂ ಎಡ ಅಂಗೈಯಿಂದ ಬಟ್ಟೆಯನ್ನ ಸವರಿ, ಮುಂದಿನ ಸಾಲು. ಒಳ್ಳೆ ಇಸ್ತ್ರಿ ಪೆಟ್ಟಿಗೆ ಆ ಅಂಗೈ. ನಡುವಿಗೆ ಬಂದಾಗ ಒಂದು ಕಡೆಯೂ ಬಟ್ಟೆ ಹೆಚ್ಚಾಗಿ ಉಬ್ಬಿರಲಿಲ್ಲ, ನನ್ನ ವಿಡಿಯೊ ಸುಳ್ಳಾಯ್ತು. ಕ್ಯಾನ್ವಾಸಿನಿಂದ ಸೂಜಿ ಹೋಗೋದು ಕಷ್ಟ ಅಂತ ಎರಡು ದಿನವೂ ಗೊಣಗಿದಳು, ಅದಂತೂ ನಿಜ. ಕೈಯಲ್ಲೇ ಹೊಲಿಯೋರು ಕ್ಯಾನ್ವಾಸನ್ನ ಪೂರ್ತಿ ಬಿಟ್ಟುಬಿಡೋದೇ ಒಳ್ಳೇದು ಅನ್ನಿಸ್ತು ನನಗೂ. ಮುಂದಿನ ಸಲ ಸೆರಗಿಗೆ ಮಾತ್ರ ಹಾಕ್ತೀನಿ.

ಕಳೆದ ವಾರ ಅಕ್ಕ ಬಾಗಲಕೋಟೆಯಿಂದ ಫೋಟೊ ಕಳಿಸಿದಳು. ಮಗು ಕಾಣ್ತಿಲ್ಲ, ಕೌದಿಯ ಒಂದು ಮೂಲೆ ಮಾತ್ರ. ಕೆಳಗೆ ಮೆಸೇಜು: “ಒಗದೀನಿ. ಕೆಂಪ ಸೆರಗಿನ ಕಡೆ ಗುಳ್ಳಿ ಎದ್ದಾವ. ಏನ್ ಮಾಡ್ಲಿ?”

ನಾನು ಮೀಟಿಂಗ್‌ನಲ್ಲಿದ್ದೆ. ಟೇಬಲ್ ಕೆಳಗೆ ಫೋನ್ ಇಟ್ಕೊಂಡು ಟೈಪ್ ಮಾಡಿದೆ. “ಬಿಸಿನೀರಾಗ ಹಾಕಬ್ಯಾಡ. ನೆರಳಾಗ ಹರವಿ ಒಣಗಸು. ಆಮ್ಯಾಲ ಒದ್ದಿ ಅರಬಿ ಹಾಕಿ ಎರಡು ಚುಕ್ಕಿ ಬಿಸಿ ಇಟ್ಟು ಇಸ್ತ್ರಿ ಒತ್ತು. ತಿಕ್ಕಬ್ಯಾಡ, ಇಡು, ಎತ್ತು. ತಣ್ಣಗಾಗೂತನಕ ಅಲ್ಲೇ ಬಿಡು. ಅದಕ್ಕೂ ಹೋಗ್ಲಿಲ್ಲ ಅಂದ್ರ ಗುಳ್ಳಿ ಮ್ಯಾಲ ಅವ್ವನ ಕಡೆ ಇನ್ನೊಂದೆರಡು ಸಾಲು ದಾರ ಓಡಿಸ್ಕೊ.”

ಐದು ನಿಮಿಷ ಬಿಟ್ಟು ಉತ್ತರ ಬಂತು. “ನೀಲಿ ಚೌಕದಾಗ ನಟ್ಟನಡುವ ಒಂದೈತಲ್ಲ, ಅದಕ್ಕೂ ಒತ್ಲೇನು?”

“ಅದನ್ನ ಮುಟ್ಟಬ್ಯಾಡ. ಅವ್ವನ್ನ ಕೇಳು, ಹೇಳ್ತಾಳ.”